ಮಾವನ ಹಾಲು ಕರೆಯುವ ಅಂಗಿ

ನಮ್ಮ ಸೋದರಮಾವ ಯಾವ ಅಂಗಿ ತೊಡಬೇಕು ಎನ್ನುವುದನ್ನು ಅವರ ಹಸು ತೀರ್ಮಾನಿಸುತ್ತಿತ್ತು. ನಗಬೇಡಿ! ನಿಮ್ಮ ನಮ್ಮ ಮನೆಗಳಲ್ಲಿ ಹೆಂಡತಿಯರು ತೀರ್ಮಾನಿಸುತ್ತಾರೆ, ಅಷ್ಟೇ ವ್ಯತ್ಯಾಸ. ಮಾವ ಇದ್ದಾಗ ನಾನೂ ಇದನ್ನು ಕಂಡಕಂಡವರಿಗೆಲ್ಲ ಹೇಳಿ ನಗಿಸಿದವನೇ. ಈಗ ಹೇಳಹೊರಟರೆ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಶಿವಗಂಗೆ ಬೆಟ್ಟ ಕಾಣುವ ಊರು ಅವರದು. ಒಂದಿಷ್ಟು ರಾಗಿ ಹೊಲ, ಹೊಲದ ಅಂಚಿಗೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಗೌರಿ ಎಂಬ ಸೀಮೆಹಸು. ಮನೆ ಅಲ್ಲಿಂದ ಕೂಗಳತೆ ದೂರ. ನಾನು ಸೋಂಪುರದ ಕಾರ್ಖಾನೆಯಲ್ಲಿ ದುಡಿಯುವವನು. ರಜೆ ಸಿಕ್ಕರೆ ಬೈಕು ತಾನಾಗಿ ಆ ಕಡೆ ತಿರುಗುತ್ತಿತ್ತು. ಅತ್ತೆಯ ಮುದ್ದೆ, ಬಸ್ಸಾರು ಒಂದು ಕಾರಣ. ಗಂಡ ಹೆಂಡತಿಯ ಜಗಳ ಕೇಳುವ ಸುಖ ಇನ್ನೊಂದು!

ಜಗಳವೆಲ್ಲ ಆ ಅಂಗಿಯದೇ. ಹುಟ್ಟಿದಾಗ ಅದು ನೀಲಿಯಾಗಿತ್ತಂತೆ. ಆಮೇಲೆ ಹಾಲು, ಬೂಸಾ, ಸಗಣಿ, ಗಂಜಲ ಎಲ್ಲ ಕೂಡಿ ಯಾವ ಅಂಗಡಿಯವನೂ ಹೆಸರಿಡಲಾರದ ಒಂದು ಬಣ್ಣಕ್ಕೆ ಬಂದು ನಿಂತಿತ್ತು. ಗೌರಿ ಮೊದಲ ಸಲ ಕರು ಹಾಕಿದಾಗ ಮಾವ ಅದನ್ನು ತೊಟ್ಟೇ ಹಾಲು ಕರೆದಿದ್ದರು. ಅವತ್ತಿನಿಂದ ಗೌರಿಗೆ ಆ ವಾಸನೆ ಮೂಗಿಗೆ ಬಡಿದರೇ ಹಾಲು! ಬೇರೆ ಅಂಗಿಯಲ್ಲಿ ಕುಳಿತರೆ ಸಾಕಿದವರು ಎಂದೂ ನೋಡದೆ ಒದೆಯುತ್ತಿತ್ತು. ಮಾವನಿಗೆ ಅದೇ ಹೆಮ್ಮೆ.

"ನೋಡ್ಲಾ, ಎಷ್ಟು ನಿಯತ್ತು ಐತೆ ಇದಕ್ಕೆ!"

"ಯಾರ ಮೇಲೆ ಮಾವ, ನಿಮ್ಮೇಲಾ, ಅಂಗಿ ಮೇಲಾ?"

"ಅಂಗಿ ಮೇಲೇ ಕಣೋ. ಅದ್ರೊಳಗೆ ನಾನಿರ್ತೀನಲ್ಲ!"

ಹೀಗೇ ನಡೆಯುತ್ತಿತ್ತೇನೋ. ಆದರೆ ಮಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಮುಂಚೆಯೇ ಬಂದಿಳಿದರು. ಮಾವ ಆಗಷ್ಟೇ ಹಾಲು ಕರೆದು, ಅದೇ ಅಂಗಿಯಲ್ಲಿ ಜಗಲಿಯ ಮೇಲೆ ಕುಳಿತಿದ್ದರು. ಹುಡುಗನ ತಂದೆ ಇವರನ್ನು ಆಳು ಎಂದುಕೊಂಡು, "ಏನಪ್ಪಾ, ಯಜಮಾನ್ರು ಎಲ್ಲಿ?" ಎಂದು ಕೇಳಿದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮಾವ ಎದ್ದು, "ಒಳಗವ್ರೆ, ಕರೀತೀನಿ ಇರಿ" ಎಂದು ಹೋಗಿ ಅತ್ತೆಯನ್ನು ಕರೆತಂದು ನಿಲ್ಲಿಸಿದರು!

ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು, ಸಂಬಂಧವೂ ಕುದುರಿತು. ಆದರೆ ಅತ್ತೆಯ ಮುಖ ಮಾತ್ರ ಕೆಂಡವಾಗಿತ್ತು. ಮರುದಿನವೇ ಆ ಅಂಗಿಯನ್ನು ಕಿತ್ತುಕೊಂಡು ಹೋಗಿ ರಾಗಿ ಹೊಲದ ಬೆದರುಬೊಂಬೆಗೆ ತೊಡಿಸಿಬಿಟ್ಟರು. "ಇನ್ಮೇಲೆ ಈ ಅಂಗಿ ನನ್ ಹೊಸಿಲು ದಾಟಂಗಿಲ್ಲ. ಹಾಲು ಬೇಕಾದ್ರೆ ಆ ಬೊಂಬೆನೇ ಕರೀಲಿ!"

ಆಶ್ಚರ್ಯವೆಂದರೆ ಡೈರಿಗೆ ಹೋಗುವ ಹಾಲು ಒಂದು ಲೋಟವೂ ಕಡಿಮೆಯಾಗಲಿಲ್ಲ. ಅತ್ತೆ ಗೆದ್ದ ಖುಷಿಯಲ್ಲಿ ಬೀದಿಗೆಲ್ಲ ಸಾರಿದರು: "ನೋಡಿದ್ರಾ? ಹಸೂದೇನೂ ಇಲ್ಲ, ಎಲ್ಲಾ ಇವ್ರದೇ ನಾಟಕ!" ಮಾವ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದರು.

ಗುಟ್ಟು ಗೊತ್ತಾದದ್ದು ನನಗೊಬ್ಬನಿಗೆ. ಒಂದು ಭಾನುವಾರ ಬೆಳಕು ಹರಿಯುವ ಮುಂಚೆ ನಾನೂ ಅವರ ಹಿಂದೆ ಹೊರಟೆ. ಮಾವ ಕೊಟ್ಟಿಗೆಗೆ ಹೋಗದೆ ನೇರ ಹೊಲಕ್ಕೆ ನಡೆದರು. ಮಂಜಿನಲ್ಲಿ ತಮ್ಮ ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಬರಿಮೈಯಲ್ಲಿ ನಡುಗುತ್ತ ಬೊಂಬೆಯ ಅಂಗಿ ಬಿಚ್ಚಿ ತೊಟ್ಟರು. ಹಾಲು ಕರೆದು ಮುಗಿಸಿ, ಮತ್ತೆ ಹೋಗಿ ಬೊಂಬೆಗೆ ತೊಡಿಸಿ ಗುಂಡಿ ಹಾಕಿದರು. ಬೆಳಗ್ಗೆ ಸಂಜೆ ಇದೇ ಕೆಲಸವಂತೆ!

ಇದರಿಂದ ಲಾಭವಾದದ್ದು ನವಿಲುಗಳಿಗೆ. ಬೊಂಬೆಯ ಮೈ ಬರಿದಾಗುವ ಹೊತ್ತು ಅವಕ್ಕೆ ಚೆನ್ನಾಗಿ ಗೊತ್ತಾಗಿ, ಮಾವ ಮೊದಲ ಗುಂಡಿಗೆ ಕೈ ಹಾಕುತ್ತಿದ್ದಂತೆ ಬೇಲಿಯಿಂದ ಸಾಲಾಗಿ ಇಳಿದು ತೆನೆಗೆ ಬಾಯಿ ಹಾಕುತ್ತಿದ್ದವು. ಓಡಾಡುವ ಅಂಗಿಯನ್ನು ದಿನವೂ ಕಂಡು ಬೊಂಬೆಯ ಭಯವೂ ಹೋಯಿತು, ಮಾವನ ಭಯವೂ ಹೋಯಿತು.

"ಮಾವ, ಬೊಂಬೆಗೆ ಬೇರೆ ಯಾವ್ದಾದ್ರೂ ಹಳೇ ಅಂಗಿ ಹಾಕ್ಬಿಟ್ಟು ಇದನ್ನ ಕೊಟ್ಟಿಗೇಲಿ ಇಟ್ಕೋಬಾರ್ದಾ?"

ಮಾವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಹಾಕಿರೋಳು ನಿಮ್ಮತ್ತೆ ಕಣೋ. ಬುತ್ತಿ ತಂದಾಗ ನೋಡಿದ್ರೆ? ಗೆದ್ದಿದೀನಿ ಅಂತ ಖುಷಿಯಾಗವ್ಳೆ. ಬಾಯಿ ಬಿಟ್ಟೀಯಾ, ಹುಷಾರು!"

ಕಳೆದ ವರ್ಷ, ರಾಗಿ ತೆನೆ ಬಲಿಯುವ ಹೊತ್ತಿನಲ್ಲಿ, ಎದೆನೋವೆಂದು ಜಗಲಿಯ ಮೇಲೆ ಕುಳಿತ ಮಾವ ಮತ್ತೆ ಏಳಲಿಲ್ಲ. ಅವರ ಬಟ್ಟೆಬರೆಯನ್ನೆಲ್ಲ ಪದ್ಧತಿಯಂತೆ ಮನೆಯಿಂದ ಆಚೆ ಕಳಿಸಿದರು. ತಿಥಿಗೆ ಹೋದಾಗ ನೋಡುತ್ತೇನೆ, ಗೌರಿಯ ಕೆಚ್ಚಲು ಕಲ್ಲಾಗಿದೆ. ಯಾರು ಕುಳಿತರೂ ಒದೆ. ಡಾಕ್ಟರು ಸೂಜಿ ಚುಚ್ಚಿದರೆ ಒಂದಿಷ್ಟು ಹಾಲು, ಇಲ್ಲವೆಂದರೆ ಇಲ್ಲ. ಹಸುವನ್ನು ಸಂತೆಗೆ ಹೊಡೆಯುವುದೇ ಸರಿ ಎಂದು ನೆಂಟರೆಲ್ಲ ತೀರ್ಮಾನಿಸಿಯೂ ಆಗಿತ್ತು. ಅತ್ತೆ ಕೊಟ್ಟಿಗೆಯ ಕಂಬಕ್ಕೊರಗಿ, "ಅವ್ರೂ ಹೋದ್ರು, ಇವ್ಳನ್ನೂ ಕಳಿಸ್ಬಿಡ್ಲಾ?" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಆಗ ಹೇಳಿಬಿಟ್ಟೆ. ಅತ್ತೆ ಬಾಯಿಗಿಟ್ಟ ಸೆರಗು ತೆಗೆದರು.

"ದಿನಾ ಹೋಗ್ತಿದ್ರಾ? ಮಾಗಿ ಚಳೀಲೂ?"

"ದಿನಾ ಅತ್ತೆ."

ಅವರು ಎದ್ದು ಹೊಲಕ್ಕೆ ನಡೆದರು. ಎಲ್ಲರೂ ಮರೆತಿದ್ದ ಬೊಂಬೆಯ ಮೈಮೇಲೆ ಅಂಗಿ ಹಾಗೇ ಇತ್ತು. ಒಂದೊಂದೇ ಗುಂಡಿ ಬಿಚ್ಚಿ, ಸೀರೆಯ ಮೇಲೆಯೇ ಅದನ್ನು ತೊಟ್ಟು ಬಂದು ಕುಳಿತರು. ಗೌರಿ ತೋಳನ್ನು ಮೂಸಿತು, ಮೂಸಿ ನೆಕ್ಕಿತು. ಸ್ವಲ್ಪ ಹೊತ್ತಿಗೆ ತಂಬಿಗೆಯಲ್ಲಿ ಹಾಲು ಬೀಳುವ ಸದ್ದು ಕೇಳಿಸಿತು. ಅತ್ತೆ ಗೌರಿಯ ಹೊಟ್ಟೆಗೆ ಹಣೆಯಿಟ್ಟು ಅಳುತ್ತಲೇ ಕರೆದರು. ನನಗೂ ತಡೆಯಲಾಗಲಿಲ್ಲ.

ಹೊಲದಲ್ಲಿ ನವಿಲುಗಳು ಇಳಿದಿದ್ದವು. "ಕೊಡಿ ಅತ್ತೆ, ಬೊಂಬೆಗೆ ಹಾಕ್ಬಿಟ್ಟು ಬರ್ತೀನಿ" ಎಂದೆ.

"ಬೇಡ. ತಿನ್ಕೊಳ್ಳಿ ಬಿಡು."

ಅಂಗಿಯನ್ನು ಮೈಮೇಲಿಟ್ಟುಕೊಂಡೇ ಅತ್ತೆ ಹೊಸಿಲು ದಾಟಿದರು. ನಡುಮನೆಯಲ್ಲಿ ಅದನ್ನು ಬಿಚ್ಚಿ, ಮಾವ ಟವಲು ತಗುಲಿಸುತ್ತಿದ್ದ ಗೂಟಕ್ಕೆ ತಗುಲಿಸಿದರು.

"ಒಂದ್ ಮಾತು ಹೇಳಿದ್ರೆ ನಾನು ಬೇಡ ಅಂತಿದ್ನೇನೋ?" ಎಂದರು ನನ್ನ ಕಡೆ ನೋಡದೆ. ಆಮೇಲೆ ಗೂಟದ ಕೆಳಗೇ ಕುಸಿದು ಕುಳಿತರು.

"ಅಂತಿದ್ದೆ ಕಣೋ. ಅಂದೇ ಅಂತಿದ್ದೆ."