ಅವ್ವನನ್ನು ನಡೆಸಿದ ಫೈಟಿಂಗ್ ಸಿನಿಮಾ

ವಯಸ್ಸಾದಂತೆ ಮನುಷ್ಯನಿಗೆ ಮೊಣಕಾಲು ನೋವು ಬರುತ್ತದೆ, ಇಲ್ಲವೇ ಅಭಿರುಚಿ ಬರುತ್ತದೆ. ನನಗೆ ಅಭಿರುಚಿ ಮೊದಲು ಬಂತು. ಕಾಲೇಜಿನ ದಿನಗಳಲ್ಲಿ ದುರ್ಗದಬೈಲಿನ ಪೇಟೆಯ ಗದ್ದಲ ದಾಟಿ ಹೋಗಿ, ಅಂಗಿಯ ಗುಂಡಿ ಕಿತ್ತುಹೋಗುವಂಥ ನೂಕುನುಗ್ಗಲಿನಲ್ಲಿ ಟಿಕೆಟ್ ಹಿಡಿದು, ಹಿಂದಿ ಫೈಟಿಂಗ್ ಸಿನಿಮಾಗಳಿಗೆ ಸೀಟಿ ಹೊಡೆದವನೇ ನಾನು. ಆಮೇಲೆ ಧಾರವಾಡದ ತಿಳಿದವರ ಸಹವಾಸವಾಗಿ, ಯಾರೂ ಮಾತಾಡದ, ಯಾರೂ ಕುರ್ಚಿ ಬಿಟ್ಟು ಏಳದ ಸಿನಿಮಾಗಳಿಗೆ ತಲೆದೂಗುವುದನ್ನು ಕಲಿತೆ. ಆ ಹಳೆಯ ಫೈಟಿಂಗ್ ಸಿನಿಮಾಗಳ ಮಾತು ಬಂದರೆ ಮೂಗು ಮುರಿಯುತ್ತಿದ್ದೆ.

ಹೋದ ವರ್ಷ ಉಣಕಲ್ಲಿನ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಸುಸೂತ್ರವಾಗಿ ಆಯಿತು. ಇನ್ನು ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು. ಅವ್ವ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಅಮ್ಮಾರ, ಒಂದ ಹೆಜ್ಜಿ ಇಡ್ರಿ ಸಾಕು" ಎಂದು ಅಂಗಲಾಚುತ್ತಿದ್ದಳು. "ನನ್ನ ಕೈಲೆ ಆಗಂಗಿಲ್ಲ, ಬಿಡವ್ವಾ" ಎಂಬ ಒಂದೇ ಉತ್ತರ. ಹೆಂಡತಿ ಶಾಲೆಯಲ್ಲಿ ಟೀಚರ್, ನಾನು ರಿಟೈರಾದವನು. ಹೀಗಾಗಿ ಹಗಲೆಲ್ಲ ನಾನು, ಅವ್ವ ಮತ್ತು ಮೂಲೆಯಲ್ಲಿ ನಿಂತ ವಾಕರ್, ಮೂವರೂ ಸುಮ್ಮನೆ ಇರುತ್ತಿದ್ದೆವು. ಒಳಗೊಳಗೇ ನನಗೆ ಹೆದರಿಕೆ ಹತ್ತಿತ್ತು.

ಒಂದು ಮಧ್ಯಾಹ್ನ ಟೀವಿಯಲ್ಲಿ ನನ್ನ ಕಾಲೇಜು ಕಾಲದ ಅಂಥದೇ ಒಂದು ಸಿನಿಮಾ ಬಂತು. ಗವಿಯೊಳಗೆ ಬಣ್ಣಬಣ್ಣದ ದೀಪ ಹಾಕಿಕೊಂಡು ಕೂತ ಖಳನಾಯಕ, ಕಂಬಕ್ಕೆ ಕಟ್ಟಿದ ಹೀರೋನ ತಾಯಿ. ಚಾನೆಲ್ ಬದಲಿಸಲು ಹೋದೆ.

"ಇರಲಿ ಬಿಡೋ. ಆ ಮುದುಕೀನ ಯಾಕ ಕಟ್ಟ್ಯಾರ?" ಅವ್ವ ಮುಖ ಈ ಕಡೆ ತಿರುಗಿಸಿದ್ದಳು!

ಹಿಂದಿ ಬಾರದ ಅವ್ವನಿಗೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಹೀರೋ ಕಾಲಿಗೆ ಗುಂಡು ಬಿದ್ದರೂ ಮೆಟ್ಟಿಲು ಹತ್ತತೊಡಗಿದ. ನನ್ನ ಅಭಿರುಚಿ ಸುಮ್ಮನಿರಬೇಕಲ್ಲ. "ಅವ್ವಾ, ಗುಂಡು ಬಿದ್ದದ್ದು ಎಡಗಾಲಿಗೆ, ಕುಂಟೋದು ನೋಡು ಬಲಗಾಲು" ಎಂದು ನಕ್ಕೆ.

"ಕಾಲು ಯಾವುದಾರ ಇರಲಿ, ಎದ್ದಾನಲ್ಲ!" ಎಂದಳು.

ಅಷ್ಟರಲ್ಲಿ ಕರೆಂಟು ಹೋಯಿತು.

"ಮುಂದ ಏನಾತೋ? ತಾಯೀನ ಬಿಡಿಸಿದ್ನೇನು?"

ಅದೆಲ್ಲಿಂದ ಬುದ್ಧಿ ಬಂತೋ, ವಾಕರ್ ತಂದು ಮುಂದಿಟ್ಟೆ. "ನೀ ಎದ್ದು ನಿಂತರ ಹೇಳತೇನಿ."

"ಹೆತ್ತವ್ವಗ ಹಿಂಗ ಕಾಡತೀಯಲ್ಲೋ" ಎಂದು ಬೈಯುತ್ತಲೇ ಅವ್ವ ನನ್ನ ಭುಜ ಹಿಡಿದು ಎದ್ದಳು. ನಿಂತಳು. ಕಾಲು ನಡುಗುತ್ತಿತ್ತು, ಕಣ್ಣು ಮಾತ್ರ ನನ್ನ ಬಾಯಿಯ ಮೇಲೆ. ಆಗ ಗೊತ್ತಾಯಿತು, ಸಿನಿಮಾದ ಕೊನೆ ನನಗೆ ಮರೆತೇಹೋಗಿದೆ!

ವಿಧಿಯಿಲ್ಲದೆ ಕಥೆ ಕಟ್ಟಿದೆ. ಅವ್ವ ಒಂದು ಹೆಜ್ಜೆ ಇಟ್ಟರೆ ಹೀರೋ ಒಬ್ಬನನ್ನು ಕೆಡವುತ್ತಿದ್ದ. ಮರುದಿನವೂ ಅವಳು ನಡೆಯಬೇಕಲ್ಲ? ಹಾಗಾಗಿ ಸತ್ತ ಖಳನಾಯಕನಿಗೆ ಒಬ್ಬ ತಮ್ಮ ಹುಟ್ಟಿದ, ತಮ್ಮ ಮುಗಿದ ಮೇಲೆ ಸೋದರಮಾವ ಬಂದ. ಅಡುಗೆಮನೆಯವರೆಗೆ ಜೀಪುಗಳು ಓಡಿದವು, ಪಡಸಾಲೆಯಲ್ಲಿ ಹೆಲಿಕಾಪ್ಟರ್ ಇಳಿಯಿತು.

"ಪೊಲೀಸರು ಇನ್ನೂ ಯಾಕ ಬಂದಿಲ್ಲೋ?"

"ಹಾದ್ಯಾಗ ಅದಾರವ್ವಾ. ನೀ ಬಾಗಲತನಾ ಬಾ, ಅವರೂ ಬರ್ತಾರ."

ಹೀಗೆ ಅವ್ವ ಬಾಗಿಲಿಗೆ ಬಂದಳು, ಅಂಗಳಕ್ಕೆ ಇಳಿದಳು, ಒಂದು ದಿನ ವಾಕರ್ ಮರೆತು ಪಕ್ಕದ ಮನೆಗೇ ಹೋಗಿ ಕೂತಿದ್ದಳು. ವ್ಯಾಯಾಮದ ಹುಡುಗಿ, "ಏನ್ ಮಾಡಿದ್ರಿ ಕಾಕಾ?" ಎಂದು ಬೆರಗಾದಳು. ಆ ಸಿನಿಮಾ ತೆಗೆದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ. ಯಾವ ಉತ್ತಮ ಸಿನಿಮಾ ನನ್ನ ಅವ್ವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು?

ಮೊನ್ನೆ ಅದೇ ಸಿನಿಮಾ ಮತ್ತೆ ಬಂತು. ಇಬ್ಬರೂ ಕೂತು ಕೊನೆಯವರೆಗೂ ನೋಡಿದೆವು. ತಮ್ಮನೂ ಇಲ್ಲ, ಸೋದರಮಾವನೂ ಇಲ್ಲ. ಹೀರೋ ತಾಯಿಯನ್ನು ಬಿಡಿಸಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಸತ್ತೇಹೋದ. ಅವ್ವನಿಗೆ ಸಂಕಟವಾದೀತೆಂದು ತಿರುಗಿ ನೋಡಿದರೆ, ಅವಳು ನನ್ನನ್ನೇ ನೋಡುತ್ತಿದ್ದಾಳೆ. ನನ್ನ ಕಣ್ಣು, ಮೂಗು ಎರಡೂ ಸೋರುತ್ತಿದ್ದವು.

"ಅಳತೀಯೇನೋ, ಹುಚ್ಚಪ್ಪಾ? ಅಂವಾ ಪಗಾರ ತಗೊಂಡು ಸತ್ತಾನ, ಸುಮ್ಮನಿರು" ಎಂದ ಅವ್ವ, ಗೋಡೆಯನ್ನೂ ಹಿಡಿಯದೆ ಒಳಗೆ ನಡೆದುಹೋಗಿ, ನನಗೊಂದು ತಂಬಿಗೆ ನೀರು ತಂದುಕೊಟ್ಟಳು.