ಅತ್ತೆಯ ‘ವಿಲ್’

ನಮ್ಮ ಸೋದರತ್ತೆಗೆ ದೇವರ ಮೇಲೆ ನಂಬಿಕೆಯಿದೆ, ಬಸ್ಸಿನ ವೇಳಾಪಟ್ಟಿಯ ಮೇಲೂ ಇದೆ. ಕನ್ನಡದ ಭವಿಷ್ಯತ್ಕಾಲದ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ! ಇಳಕಲ್ಲಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ: ಆಕೆ ಮತ್ತು ವ್ಯಾಕರಣ.

ಆಕೆಯ ಎದುರು ಯಾರಾದರೂ ‘ನಾಳಿ ಬರ್ತೇನಿ’ ಅಂದರೆ ಮುಗಿಯಿತು.

“ದಿನಾ ಬರ್ತೇನಿ ಅಂತೀರಿ, ನಾಳಿನೂ ಬರ್ತೇನಿ ಅಂತೀರಿ. ಎರಡಕ್ಕೂ ಒಂದ ಮಾತು! ನಂಬೂದು ಹ್ಯಾಂಗ? ಇಂಗ್ಲಿಷಿನ ‘ವಿಲ್’ ಹಚ್ಚಿ ಹೇಳ್ರಿ!”

ವಿಲ್ ಹಚ್ಚಿದರೆ ಆಣೆ ಮಾಡಿದಂತೆ ಎಂಬುದು ಆಕೆಯ ಸಿದ್ಧಾಂತ.

ಒಮ್ಮೆ ನಳ ಸೋರತೊಡಗಿತು. ರಿಪೇರಿಯವನು ನೋಡಿ, “ನಾಳಿ ಬರ್ತೇನ್ರಿ ಅಕ್ಕೋರ” ಎಂದ. ಅತ್ತೆ ಬಿಟ್ಟಾಳೆಯೇ? ಮೂರು ಸಲ ‘ಐ ವಿಲ್ ಕಮ್ ಟುಮಾರೊ’ ಎಂದು ಹೇಳಿಸಿಯೇ ಕಳಿಸಿದಳು. ಆತ ಬಂದದ್ದು ಐದನೇ ದಿನ!

“ವಿಲ್ ಅಂದಿದ್ದಿಯಲ್ಲೋ?”

“ಅಂದಿದ್ದು ಖರೇರಿ. ಆದ್ರ ಟುಮಾರೊ ಅಂದ್ರ ನಾಳಿ ಅಂತ ನೀವು ಹೇಳಲೇ ಇಲ್ಲಲ್ರಿ!”

ನಳ ಹತ್ತು ನಿಮಿಷದಲ್ಲಿ ಸರಿಹೋಯಿತು. ಅತ್ತೆ ಮಾತ್ರ ಚಹಾ ಕೊಟ್ಟು, ಚೂಡಾ ಕೊಟ್ಟು, ಸಂಜೆಯವರೆಗೂ ಅವನನ್ನು ಕೂರಿಸಿಕೊಂಡು ಟುಮಾರೊ ಕಲಿಸಿದಳು.

ಆಕೆಗೆ ಮದುವೆ ಯಾಕಾಗಲಿಲ್ಲ ಎಂಬುದಕ್ಕೂ ನಮ್ಮ ಮನೆಯಲ್ಲಿ ವ್ಯಾಕರಣದ ಕಾರಣವೇ ಇದೆ. ಬಾಗಲಕೋಟೆಯಿಂದ ನೋಡಲು ಬಂದ ವರ, ತನಗೂ ಇಂಗ್ಲಿಷ್ ಬರುತ್ತದೆಂದು ತೋರಿಸಲು, ‘ವಿಲ್ ಯು ಸಿಂಗ್ ಎ ಸಾಂಗ್?’ ಎಂದನಂತೆ. ತಲೆ ತಗ್ಗಿಸಿ ಕೂತಿರಬೇಕಾದ ಹುಡುಗಿ ತಲೆಯೆತ್ತಿ, “ಇದು ವಿನಂತಿನೋ, ಮುಂದಿನ ವಿಚಾರ ಕೇಳಾಕತ್ತೀರೋ?” ಎಂದುಬಿಟ್ಟಳು! ಬಂದವರು ಉಪ್ಪಿಟ್ಟು ತಿಂದು, “ಪತ್ರ ಬರಿತೇವ್ರಿ” ಎಂದು ಎದ್ದರು. ಈ ಕಥೆ ಬಂದಾಗಲೆಲ್ಲ ನಾವು ಬಿದ್ದುಬಿದ್ದು ನಗುತ್ತೇವೆ, ಅತ್ತೆಯೂ ನಗುತ್ತಾಳೆ. ಆದರೆ ಆಕೆ ಎಷ್ಟು ತಿಂಗಳು ಅಂಚೆಯವನ ದಾರಿ ನೋಡಿದಳೆಂಬುದು ಅಪ್ಪನಿಗೊಬ್ಬನಿಗೇ ಗೊತ್ತು.

ಕಳೆದ ಶ್ರಾವಣದಲ್ಲಿ ನನ್ನ ಸರದಿ ಬಂತು. ನಾನು ಬಾಗಲಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಫೋನಿನಲ್ಲಿ ಧಾರಾಳವಾಗಿ, “ರವಿವಾರ ಊಟಕ್ಕ ಐ ವಿಲ್ ಕಮ್, ಅತ್ತೀ” ಎಂದೆ.

“ಶಾಭಾಸ್!” ಎಂದಳು.

ರವಿವಾರ ನಾನು ಹೊದ್ದು ಮಲಗಿದೆ. ಬರುವುದಿಲ್ಲವೆಂದು ಒಂದು ಫೋನ್ ಕೂಡ ಮಾಡಲಿಲ್ಲ.

ಮನಸ್ಸು ಕೇಳದೆ ಸೋಮವಾರ ರಜೆ ಹಾಕಿ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ, ಬೈಗುಳ ತಪ್ಪಿಸಲು ಲಂಚ! ಮಧ್ಯಾಹ್ನ ಇಳಕಲ್ಲಿಗೆ ಹೋಗಿ ನೋಡಿದರೆ, ಅತ್ತೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಿನ್ನೆಯ ಹೋಳಿಗೆ ತಿನ್ನುತ್ತಿದ್ದಳು. ಬುಟ್ಟಿಯಲ್ಲಿ ಇನ್ನೂ ಒಂಬತ್ತೋ ಹತ್ತೋ ಇದ್ದವು. ಹಳಸಿದ ಬದನೆಕಾಯಿ ಪಲ್ಯದ ಪಾತ್ರೆ ಹಿತ್ತಲ ಬಾಗಿಲಲ್ಲಿತ್ತು.

ವ್ಯಾಕರಣದ ಪಾಠಕ್ಕಾಗಿ ಕಾದೆ. ಬರಲಿಲ್ಲ.

“ಅತ್ತೀ, ತಪ್ಪಾತು. ಬೈದುಬಿಡು.”

“ಯಾಕ ಬೈಲಿ? ವಿಲ್ ಅಂದವರೂ ಬರೂದಿಲ್ಲ. ಅದು ನನಗ ಭಾಳ ಹಿಂದ ಗೊತ್ತಾಗೇತಿ.” ನನಗೊಂದು ತಟ್ಟೆ ಒರೆಸುತ್ತಾ ಮೆಲ್ಲಗೆ ಹೇಳಿದಳು: “ಅವರ ಬಾಯಿಲೆ ಹಂಗ ಅನಿಸಿದ್ರ ಇಬ್ಬರಿಗೆ ಅಡಗಿ ಮಾಡಾಕ ನನಗೊಂದು ನೆಪ ಸಿಗತೈತಿ ಯವ್ವಾ, ಅಷ್ಟ.”

ಕೈ ತೊಳೆದು ಆಕೆಯ ಪಕ್ಕದಲ್ಲೇ ಕೂತೆ. ಹೋಳಿಗೆ ಗಟ್ಟಿಯಾಗಿತ್ತು. ಒಂದು ತಿಂದು, ಇನ್ನೊಂದು ಕೇಳಿದೆ. ಅತ್ತೆ ಎರಡು ಹಾಕಿ, ತುಪ್ಪ ಕಾಸಲು ಎದ್ದಳು.