ಒಂದು ಮಣೆಯಷ್ಟು ಜಾಗ

ಮನೆ ಕಟ್ಟಿ ಮುಗಿದರೆ ಕೆಲಸ ಮುಗಿಯಿತು ಎಂದು ನಂಬಿದವರಲ್ಲಿ ನಾನೂ ಒಬ್ಬ. ಸಾಮಾನು ಬರಲು ಸುರುವಾದ ಮೇಲೆಯೇ ನಿಜವಾದ ಕಥೆ ಸುರು ಎನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇದೆ. ಏನೂ ಆಗದ ವಾರ ಬಂದರೆ ನಮಗೇ ಹೆದರಿಕೆಯಾಗುತ್ತದೆ.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದವ. ಎರಡು ಸಾವಿರದ ಇಸವಿಯ ಆಚೀಚೆಗೆ, ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯ ಬದಿಗೆ ಒಂದು ತಾರಸಿ ಮನೆ ಕಟ್ಟಿಸಿದೆ. ಕಿಟಕಿ ಎಲ್ಲಿ, ಕಪಾಟು ಎಲ್ಲಿ, ನೆಲಕ್ಕೆ ಯಾವ ಬಣ್ಣ ಎನ್ನುವುದನ್ನೆಲ್ಲ ಹೆಂಡತಿಗೆ ಬಿಟ್ಟೆ. ನಾನು ಕೇಳಿದ್ದು ಒಂದೇ. ದೇವರ ಕೋಣೆಯಲ್ಲಿ ಒಂದು ಮಣೆ ಹಾಕುವಷ್ಟು ಜಾಗ.

ಬೆಳಿಗ್ಗೆ ಮಿಂದು ಬಂದು ಒಂದು ಮಾಲೆ ಜಪ ಮಾಡುವುದು ನನ್ನ ಕ್ರಮ. ಮಣಿ ಎಣಿಸಲು ಕೂತ ಮೇಲೆ ಬಾಯಿ ಬಿಡಬಾರದು, ಬಿಟ್ಟರೆ ಮತ್ತೆ ಮೊದಲಿನಿಂದ ಎಣಿಸಬೇಕು ಎಂದು ಅಪ್ಪ ಕಲಿಸಿದ್ದರು. ಹಳೆಯ ಮನೆಯಲ್ಲಿ ಇದು ಸುಲಭವಿತ್ತು. ಅಲ್ಲಿ ಸಾಮಾನೇ ಇರಲಿಲ್ಲ, ಹಾಗಾಗಿ ಅದೆಲ್ಲಿ ಇದೆಲ್ಲಿ ಎಂದು ಕೇಳುವವರೂ ಇರಲಿಲ್ಲ. ಹೊಸ ಮನೆಯಲ್ಲಿ ನಾನು ಕಣ್ಣು ಮುಚ್ಚಿದ ಕೂಡಲೇ ಹೆಂಡತಿಗೆ ಏನಾದರೊಂದು ಕಾಣದೆ ಹೋಗುತ್ತಿತ್ತು.

"ಹ್ವಾಯ್, ಕತ್ತರಿ ಎಲ್ಲಿತ್ತ್?"

ಹೇಳದಿದ್ದರೆ ಅವಳು ಬಿಡುವವಳಲ್ಲ. ಹೇಳಿದರೆ ಜಪ ಹೋಯಿತು. ಆ ಮನೆಯಲ್ಲಿ ನಾನು ಮಾಲೆ ಸುರು ಮಾಡಿದ್ದಕ್ಕೆ ಲೆಕ್ಕವಿಲ್ಲ. ಮುಗಿಸಿದ್ದರ ಲೆಕ್ಕ ಇಡುವ ತೊಂದರೆಯನ್ನು ದೇವರಿಗೆ ಕೊಟ್ಟವನೇ ಅಲ್ಲ.

೧. ಮಡಿಯ ಮಿಕ್ಸಿ

ದೇವರ ಕೋಣೆಗೆ ಮೀಯದೆ ಯಾರೂ ಕಾಲಿಡುವಂತಿಲ್ಲ. ಇದರಿಂದ ನನ್ನ ಹೆಂಡತಿ ಕಂಡುಕೊಂಡದ್ದು, ಮನೆಯಲ್ಲಿ ಅದರಷ್ಟು ಭದ್ರವಾದ ಉಗ್ರಾಣ ಇನ್ನೊಂದಿಲ್ಲ ಎಂದು. ಮೊದಲು ಗಾಜಿನ ಲೋಟಗಳು ಬಂದವು. ಆಮೇಲೆ ಟೀವಿ ಬಂದಿದ್ದ ಖಾಲಿ ಪೆಟ್ಟಿಗೆ, ಏಕೆಂದರೆ ಟೀವಿ ಹಾಳಾದರೆ ಅದರಲ್ಲೇ ಹಾಕಿ ಕಳಿಸಬೇಕಂತೆ. ಆಮೇಲೆ ಮದುವೆಗೆ ಹೋಗಲು ಉಡುವ ಸೀರೆಗಳ ಟ್ರಂಕು. ಕೊನೆಗೆ ಹೊಸ ಮಿಕ್ಸಿ. ನನ್ನ ಮಣೆ ಸರಿಯುತ್ತ ಸರಿಯುತ್ತ ಹೊಸ್ತಿಲಿಗೆ ಬಂತು. ನಾನು ಅರ್ಧ ಒಳಗೆ, ಅರ್ಧ ಹೊರಗೆ ಕೂತು ಜಪ ಮಾಡತೊಡಗಿದೆ.

ಆ ವರ್ಷ ಗಣಹೋಮಕ್ಕೆ ಬಂದ ಭಟ್ಟರಿಗೆ ವಯಸ್ಸಾಗಿತ್ತು, ಕಣ್ಣಿನ ಪೊರೆ ತೆಗೆಸಿರಲಿಲ್ಲ. ಹೋಮ ಮುಗಿಸಿ ದೇವರ ಕೋಣೆಗೆ ಆರತಿ ಮಾಡಲು ಬಂದರು. ಮಿಕ್ಸಿಗೆ ಧೂಳು ಕೂರಬಾರದೆಂದು ನನ್ನ ಹೆಂಡತಿ ಜರಿ ಅಂಚಿನ ಕೆಂಪು ರವಿಕೆ ಕಣ ಹೊದಿಸಿ, ಅದನ್ನು ದೀಪದ ಪಕ್ಕದಲ್ಲೇ ಇಟ್ಟಿದ್ದಳು. ಭಟ್ಟರು ಎಲ್ಲರಿಗಿಂತ ದೊಡ್ಡದಾಗಿ ಕಂಡ ಆ ದೇವರಿಗೇ ಮೊದಲು ಕುಂಕುಮವಿಟ್ಟು, ಹೂ ಏರಿಸಿ, ಗಂಟೆ ಬಾರಿಸುತ್ತ ಮಂಗಳಾರತಿ ಎತ್ತಿದರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಂದ ನೆಂಟರೆಲ್ಲ ಕೈ ಮುಗಿದಾಗಿತ್ತು. ನಾನೂ ಮುಗಿದೆ.

ಭಟ್ಟರು ಹೋದ ಮೇಲೆ, ಮಿಕ್ಸಿಯನ್ನು ಇನ್ನಾದರೂ ಅಡುಗೆಮನೆಗೆ ಒಯ್ಯಬಹುದಲ್ಲ ಎಂದೆ.

"ಪೂಜಿ ಆದ ಮಿಕ್ಸಿಗೆ ಮೀನಿನ ಮಸಾಲಿ ಹಾಕೂಕಾತ್ತಾ? ನೀವೇ ಹೇಳಿ," ಎಂದಳು.

ಮೀನಿನ ಮಸಾಲೆಗೆ ಬೇರೊಂದು ಮಿಕ್ಸಿ ತಂದೆವು. ಅದು ವರ್ಷಕ್ಕೆ ಎರಡು ಸಲ ರಿಪೇರಿಗೆ ಹೋಗುತ್ತದೆ. ಮೊದಲಿನದು ಈಗಲೂ ದೇವರ ಸಾಲಿನಲ್ಲಿದೆ, ಶುಕ್ರವಾರ ಹೂ ಬೀಳುತ್ತದೆ. ಇಷ್ಟು ವರ್ಷದಲ್ಲಿ ಅದು ಒಂದು ದಿನವೂ ಕೆಟ್ಟಿಲ್ಲ, ಎಲ್ಲ ನಂಬಿಕೆಯ ಮೇಲೆ ನಿಂತದ್ದು ಎನ್ನುತ್ತಾಳೆ ನನ್ನ ಹೆಂಡತಿ.

೨. ಉಬ್ಬಿದ ಬಾಗಿಲು

ನಮ್ಮಲ್ಲಿ ಮಳೆಗಾಲಕ್ಕೆ ಹಪ್ಪಳದಿಂದ ಹಿಡಿದು ಬೆಂಕಿಪೆಟ್ಟಿಗೆಯವರೆಗೆ ಎಲ್ಲವೂ ಮೆತ್ತಗಾಗುತ್ತದೆ, ಬಾಗಿಲು ಮಾತ್ರ ಗಟ್ಟಿಯಾಗುತ್ತದೆ. ದೇವರ ಕೋಣೆಗೆ ಹಲಸಿನ ಮರದ ಬಾಗಿಲು. ಮರ ಸರಿಯಾಗಿ ಒಣಗಿರಲಿಲ್ಲ ಎನ್ನುವುದು ಆಷಾಢದ ಒಂದು ಬೆಳಿಗ್ಗೆ ಗೊತ್ತಾಯಿತು. ಒಳಗಿನ ಸೀರೆಗಳಿಗೆ ತಂಡಿ ಹಿಡಿಯಬಾರದೆಂದು ಹೆಂಡತಿ ಹಿಂದಿನ ದಿನ ಬಾಗಿಲನ್ನು ಬಲವಾಗಿ ಎಳೆದು ಮುಚ್ಚಿದ್ದಳು. ಮುಚ್ಚಿದ್ದು ಮುಚ್ಚಿಯೇ ಹೋಯಿತು.

ಆಚಾರಿಯನ್ನು ಕರೆಸಿದೆ. ಅವರು ಬಾಗಿಲನ್ನು ಬಡಿದು ನೋಡಿ, ಎಲೆಯಡಿಕೆ ಹಾಕಿ, ಮರ ನೀರು ಕುಡಿದಿದೆ, ಬಿಸಿಲು ಬಂದರೆ ತನ್ನಷ್ಟಕ್ಕೇ ಬಿಡುತ್ತದೆ ಎಂದರು. ಬಿಸಿಲು ಯಾವಾಗ ಎಂದು ಕೇಳಿದೆ. ಚೌತಿ ಹೊತ್ತಿಗೆ ಎಂದರು. ಹೆರೆದು ತೆಗೆಯಲು ಬಾಗಿಲನ್ನು ಕಳಚಬೇಕು, ಕಳಚುವ ತಿರುಗಣಿ ಒಳಗಡೆ ಇದೆ, ಒಳಗೆ ಹೋಗಲು ಬಾಗಿಲು ತೆರೆಯಬೇಕು ಎನ್ನುವುದನ್ನೂ ಅವರು ತಾಳ್ಮೆಯಿಂದ ವಿವರಿಸಿದರು.

ಚೌತಿಯವರೆಗೆ ದೇವರನ್ನು ಹೂವಿಲ್ಲದೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಹೊರಗಡೆ ಕಿಟಕಿ ಇತ್ತು. ದಾಸವಾಳ ಕೊಯ್ಯುವ ಉದ್ದನೆಯ ಕೊಕ್ಕೆಯ ತುದಿಗೆ ಹೂ ಸಿಕ್ಕಿಸಿ, ಸರಳಿನ ಎಡೆಯಿಂದ ಒಳಗೆ ತೂರಿಸಿ, ದೇವರ ತಲೆಯ ಮೇಲೆ ಬರುವಂತೆ ಕೊಡಹುವುದು. ದೇವರ ಮೇಲೆ ಬಿದ್ದದ್ದಕ್ಕಿಂತ ಮಿಕ್ಸಿಯ ಮೇಲೆ ಬಿದ್ದದ್ದೇ ಹೆಚ್ಚು. ಆಮೇಲೆ ಅಲ್ಲಿಯೇ ಮಳೆಯಲ್ಲಿ ನಿಂತು ಜಪ. ಹೆಂಡತಿ ಕೊಡೆ ಹಿಡಿಯುತ್ತಿದ್ದಳು. ಕೊಡೆ ಅವಳ ಕೈಯಲ್ಲಿದ್ದುದರಿಂದ ಅದು ಎಲ್ಲಿ ಎಂದು ಕೇಳುವ ಹಾಗಿರಲಿಲ್ಲ. ಈ ಸಲ ಮಾಲೆ ಮುಗಿಯುತ್ತದೆ ಎನ್ನುವ ಧೈರ್ಯ ನನಗೆ ಬಂದಿತ್ತು.

ಆಚೆಮನೆಯ ಅಕ್ಕ ಹಾಲಿನ ಡೈರಿಗೆ ಹೋಗುವವರು ಬೇಲಿಯ ಹತ್ತಿರ ನಿಂತರು. ಒಂದು ಕೈಯಲ್ಲಿ ಉದ್ದನೆಯ ಕೋಲು ಹಿಡಿದು, ಕೋಲನ್ನು ನಮ್ಮದೇ ಮನೆಯ ಕಿಟಕಿಗೆ ತೂರಿಸಿ, ಕಣ್ಣು ಮುಚ್ಚಿ ನಿಂತ ನನ್ನನ್ನು ಬಹಳ ಹೊತ್ತು ನೋಡಿದರು.

"ಗಾಳ ಹಾಕೂದಾ ಅಣ್ಣ? ಎಂತಾರೂ ಸಿಕ್ತಾ?"

ಸಿಟ್ಟು ತಡೆಯಲಿಲ್ಲ, ಇದು ದೇವರ ಪೂಜೆ ಎಂದುಬಿಟ್ಟೆ. ಜಪ ಅಲ್ಲಿಗೆ ಹೋಯಿತು. ಅಕ್ಕ ಅದನ್ನು ಕೇಳಿ ಸಮಾಧಾನದಿಂದ ಹೇಳಿದರು. "ಹಂಗಾರ್ ಒಳಗಿಪ್ಪವ್ರಿಗೆ ಮಳೆ ತಾಗುದಿಲ್ಲೆ ಬಿಡಿ. ನೀವ್ ಕೊಡೆ ಸಮ ಹಿಡ್ಕಣಿ."

೩. ಸೋಫಾದ ಪ್ರೀತಿ

ಚೌತಿಗೆ ಬಾಗಿಲು ತೆರೆಯಿತು. ಚೌಕಟ್ಟಿನ ಅರ್ಧವನ್ನು ಗೆದ್ದಲು ತಿಂದಿತ್ತು. ರಿಪೇರಿಯಾಗುವವರೆಗೆ ಎಂದು ದೇವರ ಪಟವನ್ನು ಎದುರಿನ ಹಾಲಿಗೆ ತಂದೆವು. ಹಾಲಿನಲ್ಲಿ ಆಗಲೇ ಸೋಫಾ ಬಂದು ಕೂತಿತ್ತು. ಬ್ರಹ್ಮಾವರದಲ್ಲಿರುವ ಹೆಂಡತಿಯ ಅಕ್ಕನ ಮನೆಯಲ್ಲಿ ಅಂಥದ್ದಿದೆ ಎನ್ನುವುದು ಅದು ನಮ್ಮ ಮನೆಗೆ ಬರಲು ಇದ್ದ ಏಕೈಕ ಕಾರಣ.

ಅಂಗಡಿಯಿಂದ ಬಂದಾಗ ಅದಕ್ಕೆ ದಪ್ಪನೆಯ ಪ್ಲಾಸ್ಟಿಕ್ ಹೊದಿಕೆ ಇತ್ತು. ತೆಗೆದರೆ ಕೊಳೆಯಾಗುತ್ತದೆಂದು ಹೆಂಡತಿ ತೆಗೆಯಲು ಬಿಡಲಿಲ್ಲ. ನಾನು ಪಟದ ಎದುರು ಸೋಫಾದ ಮೇಲೆ ಕೂತು ಜಪ ಸುರು ಮಾಡಿದರೆ, ಪಂಚೆಗೂ ಪ್ಲಾಸ್ಟಿಕ್ಕಿಗೂ ಹಿಡಿತವಿಲ್ಲದೆ, ಮಾಲೆ ಅರ್ಧವಾಗುವಾಗ ನಾನು ನೆಲದಲ್ಲಿರುತ್ತಿದ್ದೆ. ಭಕ್ತಿಯಿಂದ ಇಳಿದು ಬಂದಿರಿ ಎಂದು ಮನೆಯವರ ತಮಾಷೆ.

ಇದು ಮಳೆಗಾಲದ ಮಾತು. ಬೇಸಗೆಯಲ್ಲಿ ಆ ಪ್ಲಾಸ್ಟಿಕ್ಕಿನ ಸ್ವಭಾವವೇ ಬೇರೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಸೊಸೈಟಿಯ ಕಾರ್ಯದರ್ಶಿಗಳು ಮಗಳ ಮದುವೆಗೆ ಹೇಳಿಕೆ ಕೊಡಲು ಬಂದರು. ಭಾರೀ ಆಳು. ಕರೆಂಟಿರಲಿಲ್ಲ. ಬೆಲ್ಲ ನೀರು ಕುಡಿದು, ಹೇಳಿಕೆ ಕೊಟ್ಟು, ಬರುತ್ತೇನೆ ಎಂದು ಎದ್ದರು. ಅವರ ಜೊತೆ ಹೊದಿಕೆಯೂ ಚರಚರ ಎಂದು ಎದ್ದಿತು.

ಒಳಗಿಂದ ಓಡಿಬಂದ ನನ್ನ ಹೆಂಡತಿಯ ಕಣ್ಣು ಇದ್ದದ್ದು ಹೊದಿಕೆಯ ಮೇಲೆ. "ಎಳೀಬೇಡಿ, ಹರಿತ್ತ್! ಮೆಲ್ಲ ಕೂಕಣಿ."

ಅವರು ಕೂತರು. ಬೆವರು ಆರಲಿ ಎಂದು ನಾನು ಬೀಸಣಿಗೆ ಬೀಸಿದೆ. ಕರೆಂಟು ಬರಲು ಮೂರು ಗಂಟೆಯಾಯಿತು. ಅಷ್ಟರಲ್ಲಿ ಊಟವೂ ಆಯಿತು, ಒಂದು ಸಣ್ಣ ನಿದ್ರೆಯೂ ಆಯಿತು. ಈಗಿನ ಕಾಲದಲ್ಲಿ ಇಷ್ಟು ಒತ್ತಾಯ ಮಾಡಿ ಕೂರಿಸಿಕೊಳ್ಳುವ ಮನೆ ಇನ್ನೊಂದಿಲ್ಲ ಎಂದು ಅವರು ಊರಿಡೀ ಹೇಳಿಕೊಂಡು ಬಂದರಂತೆ.

೪. ಬೊಂಬಾಯಿಯ ಲಾರಿ

ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದವರು. ವಯಸ್ಸಾಯಿತೆಂದು ಮುಚ್ಚಿದರು. ಅಲ್ಲಿಯ ಸಾಮಾನನ್ನು ಮಾರಲು ಅವರಿಗೆ ಮನಸ್ಸಿಲ್ಲ. ಅಂಥ ಸಾಗುವಾನಿ ಈಗ ಹುಡುಕಿದರೂ ಸಿಗುವುದಿಲ್ಲ, ತಂಗಿಯ ಮನೆಯಲ್ಲಿರಲಿ ಎಂದು ಫೋನು ಮಾಡಿದರು. ತವರಿನ ಸಾಮಾನು, ಬೇಡ ಎನ್ನುವಂತಿಲ್ಲ. ಲಾರಿ ಬಂತು. ಅಮೃತಶಿಲೆಯ ಹಲಗೆಯ ಮೇಜುಗಳು, ಕುರ್ಚಿಗಳು, ಕನ್ನಡಿ ಸಮೇತ ಕೈ ತೊಳೆಯುವ ಬೇಸಿನ್ನು, ಮತ್ತೆ ಯಜಮಾನರು ಕೂರುವ ಗಲ್ಲಾ.

ಒಳಗೆ ಸೂಜಿ ಊರಲು ಜಾಗವಿಲ್ಲ. ಮೇಜುಗಳನ್ನು ರಸ್ತೆಗೆ ಮುಖ ಮಾಡಿದ ಜಗಲಿಯಲ್ಲಿ ಸಾಲಾಗಿ ಇಟ್ಟೆವು. ಬೇಸಿನ್ನು ಸುಮ್ಮನೆ ಬಿದ್ದಿದ್ದರೆ ಹಾಳಾಗುತ್ತದೆಂದು ಹೆಂಡತಿ ಪ್ಲಂಬರನ್ನು ಕರೆಸಿ, ಅದನ್ನು ಜಗಲಿಯ ಗೋಡೆಗೆ ಕೂರಿಸಿ ನೀರೂ ಕೊಡಿಸಿದಳು. ಗಲ್ಲಾ ಎಷ್ಟು ಭಾರವೆಂದರೆ, ಹೊತ್ತವರು ಮೆಟ್ಟಿಲು ಹತ್ತಿದವರೇ ಜಗಲಿಯ ಬಾಯಲ್ಲಿ ಇಳಿಸಿ, ಇನ್ನು ನಮ್ಮಿಂದಾಗದು ಎಂದು ಹೊರಟರು.

ಗಲ್ಲಾದ ಹಿಂದೆ ಎತ್ತರದ ಕುರ್ಚಿ. ಅದರ ಮೇಲೆ ದೇವರ ಪಟ ಇಡಲೆಂದೇ ಮಾಡಿದ ಸಣ್ಣ ಗೂಡು, ಗೂಡಿಗೊಂದು ಕೆಂಪು ಬಲ್ಬು.

"ಕಾಣಿ, ದೇವ್ರಿಗೂ ಜಾಗ ಆಯ್ತ್, ನಿಮ್ಗೂ ಜಾಗ ಆಯ್ತ್," ಎಂದಳು ಹೆಂಡತಿ.

ಕೂತು ನೋಡಿದೆ. ಜಾರುವುದಿಲ್ಲ, ಅಂಟುವುದಿಲ್ಲ, ಮಳೆ ಬೀಳುವುದಿಲ್ಲ. ಮೂರು ಕಡೆ ಮರದ ಗೋಡೆ. ಇಷ್ಟು ವರ್ಷ ನಾನು ಬೇಡಿದ ಒಂದು ಮಣೆಯ ಜಾಗ ಇದೇ ಎನಿಸಿತು. ಮರುದಿನ ಬೆಳಿಗ್ಗೆ ಮಿಂದು, ಹಣೆಗೆ ಗಂಧ ಕುಂಕುಮ ಇಟ್ಟು, ಬಿಳಿ ಬನಿಯನಿನ ಮೇಲೆ ಶಾಲು ಹೊದ್ದು, ಪಟಕ್ಕೆ ಮಲ್ಲಿಗೆ ಹಾಕಿ, ಊದುಬತ್ತಿ ಹಚ್ಚಿ, ಮಾಲೆಯನ್ನು ಗಲ್ಲಾದ ಮರೆಯಲ್ಲಿ ಹಿಡಿದು ಕೂತೆ.

ನಾಲ್ಕು ಮಣಿ ಆಗಿರಬಹುದು. ರಸ್ತೆಯಲ್ಲಿ ಒಂದು ಜೀಪು ನಿಂತಿತು. ಘಟ್ಟದ ಮೇಲಿನವರು, ಕೊಲ್ಲೂರಿಗೆ ಹೊರಟವರು. ಒಬ್ಬ ಅಜ್ಜಿ, ಮಗ, ಸೊಸೆ, ಮಕ್ಕಳು. ನೇರ ಒಳಗೆ ಬಂದು, ನನಗೂ ಪಟಕ್ಕೂ ಸೇರಿಸಿ ಕೈ ಮುಗಿದು, ಬೇಸಿನ್ನಿನಲ್ಲಿ ಕೈ ತೊಳೆದು, ಮೊದಲಿನ ಮೇಜಿಗೆ ಕೂತರು.

ನನಗೆ ವಿಷಯ ತಿಳಿಯಿತು. ಆದರೆ ಬಾಯಿ ಬಿಟ್ಟರೆ ಜಪ ಹೋಗುತ್ತದೆ. ಇಲ್ಲ, ಇಲ್ಲ ಎಂದು ಕೈ ಆಡಿಸಿದೆ. ಆ ಮೇಜು ಬೇರೆಯವರಿಗೆ ಇಟ್ಟದ್ದು ಎಂದು ತಿಳಿದು ಅವರು ಎದ್ದು ಮುಂದಿನ ಮೇಜಿಗೆ ಹೋದರು. ಇನ್ನೂ ಜೋರಾಗಿ ಆಡಿಸಿದೆ. ಅದರ ಮುಂದಿನದಕ್ಕೆ ಹೋದರು. ಇನ್ನೊಮ್ಮೆ ಆಡಿಸಿದರೆ ಅಡುಗೆಮನೆಗೇ ಹೋಗುತ್ತಾರೆಂದು ಸುಮ್ಮನಾದೆ.

ಸದ್ದು ಕೇಳಿ ಹೆಂಡತಿ ಹೊರಗೆ ಬಂದಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. "ಏನೈತವ್ವಾ ತಿನ್ನಾಕ?" ಎಂದು ಅಜ್ಜಿ ಕೇಳಿದ್ದು ಕೇಳಿಸಿತು. ತಿನ್ನಲು ಕೂತವರನ್ನು, ಅದೂ ಅಮ್ಮನವರ ದರ್ಶನಕ್ಕೆ ಹೊರಟವರನ್ನು, ಎಬ್ಬಿಸಿ ಕಳಿಸುವ ಕ್ರಮ ನಮ್ಮ ಕಡೆ ಇಲ್ಲ. "ದೋಸಿ ಇತ್ತ್," ಎಂದಳು ಅವಳು.

ದೋಸೆ ಇದ್ದದ್ದು ಹೌದು. ಅದಕ್ಕೆ ನೆಂಚಿಕೊಳ್ಳಲು ಇದ್ದದ್ದು ನಿನ್ನೆಯ ಬಂಗುಡೆ ಮೀನಿನ ಸಾರು. ಆ ಪಾತ್ರೆಯನ್ನು ಎತ್ತಿ ಬಚ್ಚಲುಮನೆಯಲ್ಲಿಟ್ಟು, ಕಾಯಿ ತುರಿದು ಬೆಲ್ಲ ಬೆರೆಸಿ ತಂದಳಂತೆ. ಅಜ್ಜಿ ಮೂಗೆಳೆದು, ಇದೇನು ವಾಸನೆ ಎಂದು ಕೇಳಿದರು.

"ಸಮುದ್ರ ಹತ್ರ ಅಲ್ದಾ ಅಮ್ಮಾ? ಇಲ್ಲಿ ಗಾಳಿಯೇ ಹಾಂಗೆ."

ಆಮೇಲೆ ಕೇಳಿಸಿದ್ದು ಕಾವಲಿಯ ಚುಂಯ್ ಸದ್ದು ಮಾತ್ರ. ತಟ್ಟೆ ಬಂತು, ಲೋಟ ಬಂತು, ತಪ್ಪಲೆ, ಸೌಟು, ಸಕ್ಕರೆ, ಕಾಫಿ ಪುಡಿ ಎಲ್ಲ ಬಂತು. ಯಾವುದೂ ಎಲ್ಲಿತ್ತ್ ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳಲು ಪುರುಸೊತ್ತು ಇರಲಿಲ್ಲ. ನನ್ನ ಮಣಿಗಳು ಒಂದರ ಹಿಂದೆ ಒಂದು ತಣ್ಣಗೆ ಸರಿದವು. ಹೊಸ ಮನೆಗೆ ಬಂದ ಮೇಲೆ ಮೊದಲ ಸಲ, ಒಂದೂ ಮಾತಿಲ್ಲದೆ, ಕೂತಲ್ಲಿಂದ ಏಳದೆ, ಮಾಲೆಯ ತುದಿಯ ದೊಡ್ಡ ಮಣಿ ನನ್ನ ಬೆರಳಿಗೆ ತಾಗಿತು. ಕಣ್ಣಲ್ಲಿ ನೀರೇ ಬಂತು.

ಕಣ್ಣು ತೆರೆದರೆ ಅವರೆಲ್ಲ ಗಲ್ಲಾದ ಎದುರು ಸಾಲಾಗಿ ನಿಂತಿದ್ದರು.

"ಎಷ್ಟಾತ್ರಿ?" ಎಂದ ಮಗ.

ಇದು ಹೋಟೆಲಲ್ಲ, ನಮ್ಮ ಮನೆ ಎಂದೆ. ಹೌದ್ರಿ, ಮನಿ ಹಂಗ ನೋಡ್ಕೊಂಡ್ರಿ ಎಂದ. ನಿಜವಾಗಿಯೂ ಮನೆಯೇ, ದುಡ್ಡು ಬೇಡ ಎಂದು ಕೈ ಮುಗಿದೆ. ಅವ ನನ್ನ ಮುಖ, ತುಂಬಿದ ಕಣ್ಣು ಎಲ್ಲ ನೋಡಿ, ಮತ್ತೆ ಮಾತಾಡದೆ ನೋಟೊಂದನ್ನು ದೇವರ ಪಟದ ಎದುರು ಇಟ್ಟು ಜೀಪು ಹತ್ತಿದ.

ಅಜ್ಜಿ ಮೆಟ್ಟಿಲಿಳಿಯುತ್ತ ಸೊಸೆಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಅಕಿ ಒಬ್ಬಾಕಿನ ದುಡೀತಾಳ. ಮಾಲಕ ಗಲ್ಲಾದಾಗ ಕುಂತು ನಿದ್ದಿ ಮಾಡ್ತಾನ, ಎದ್ದ ಮ್ಯಾಲ ಅಳ್ತಾನ, ರೊಕ್ಕಾ ಕೊಟ್ರ ಬ್ಯಾಡ ಅಂತಾನ. ಮುಂದಿನ ವರ್ಷ ನಾವು ಬರೂದ್ರಾಗ ಈ ಹೋಟ್ಲ ಇರಂಗಿಲ್ಲ, ನೋಡ್ತಿರು."